ಬಾಯಿ ಆಡಿಸಿದ್ದಕ್ಕೆ ಏಳು ಸ್ಟಾರು

ನನ್ನ ಮಗಳಿಗೆ ಹಾಡದೇ ಇದ್ದುದಕ್ಕೆ ಸ್ಟಾರ್ ಕೊಟ್ಟಿದ್ದರು. ಒಂದಲ್ಲ, ಏಳು. ಸಂಗೀತದ ಪುಸ್ತಕದ ಕೊನೆಯ ಪುಟದಲ್ಲಿ ಚಿನ್ನದ ಬಣ್ಣದ ಏಳು ಸ್ಟಾರು ಸಾಲಾಗಿ ಅಂಟಿದ್ದವು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಶಿಸ್ತು ಸುಧಾರಿಸಿದೆ’ ಎಂದು ಬೇರೆ ಬರೆದಿತ್ತು.

“ಇದೇನೇ?” ಎಂದೆ.

“ಎಲ್ರೂ ಹಾಡೋವಾಗ ನಾನು ಬಾಯಿ ಮಾತ್ರ ಆಡಿಸ್ಬೇಕಮ್ಮ. ಧ್ವನಿ ಬರಬಾರ್ದು. ಬರದೇ ಇದ್ರೆ ಸ್ಟಾರು.”

ನಾನು ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಈ ಹುಡುಗಿ ತೊಟ್ಟಿಲಲ್ಲಿದ್ದಾಗಿನಿಂದ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಬೆಳೆದವಳು. ಮೋಟಾರು ಗುಂಯ್ ಎಂದರೆ ಸಾಕು, ಇವಳೂ ಶುರು. ಗುಂಡಿ ಹಚ್ಚುವಾಗ ಹಾಡು, ದಾರ ಕತ್ತರಿಸುವಾಗ ಹಾಡು, ಮಗ್ಗಿ ಬರೆಯುವಾಗಲೂ ಹಾಡು. ಗಿರಾಕಿಗಳು ಇವಳಿಗಿಟ್ಟ ಹೆಸರೇ ರೇಡಿಯೋ. ನಾಲ್ಕು ತಿಂಗಳಿಂದ ರೇಡಿಯೋ ಸದ್ದೇ ಇರಲಿಲ್ಲ. “ಕೆಟ್ಟು ಹೋಯ್ತೇನ್ರೀ?” ಎಂದು ಗಿರಾಕಿಯೊಬ್ಬರು ನಕ್ಕಾಗ, ದೊಡ್ಡವಳಾಗುತ್ತಿದ್ದಾಳೆ, ಗಾಂಭೀರ್ಯ ಬಂದಿದೆ ಎಂದು ನಾನೂ ಹಲ್ಲು ಕಿರಿದಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಪಿತ್ತ ನೆತ್ತಿಗೇರಿತು. ಮರುದಿನ ಸಂಗೀತದ ಪೀರಿಯಡ್ಡಿಗೆ ಸರಿಯಾಗಿ ಶಾಲೆಗೆ ಹೋದೆ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿದ್ದುದು ಮೆಟ್ಟಿಲು ಹತ್ತಿದ ಮೇಲೆ ಗೊತ್ತಾಯಿತು. ಇರಲಿ ಬಿಡು ಎಂದುಕೊಂಡೆ.

ಕೋಣೆಯಲ್ಲಿ ಮೂವತ್ತು ಮಕ್ಕಳು ಮೂರು ಸಾಲಾಗಿ ನಿಂತಿದ್ದರು. ನನ್ನ ಮಗಳು ಹಿಂದಿನ ಸಾಲಿನ ಮೂಲೆಯಲ್ಲಿ, ಬೀರುವಿಗೆ ಒತ್ತಿಕೊಂಡು. ಮುಂದೆ ಮೇಜಿನ ಮೇಲೆ ಕೀಬೋರ್ಡು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಶ್ರುತಿ ತಾಯಿ, ಲಯ ತಂದೆ’.

ಪುಸ್ತಕವನ್ನು ಟೀಚರ ಮುಂದೆ ಕುಕ್ಕಿದೆ.

“ಬೇಜಾರು ಮಾಡ್ಕೋಬೇಡಿ ಅಮ್ಮ,” ಎಂದರು. “ಅವಳಿಗೆ ಶ್ರುತಿ ನಿಲ್ಲಲ್ಲ. ಕಾರ್ಯಕ್ರಮಕ್ಕೆ ಹತ್ತೇ ದಿನ ಇದೆ. ಅವಳ ಹುಮ್ಮಸ್ಸು ಕುಗ್ಗಬಾರ್ದು ಅಂತಾನೇ ಸ್ಟಾರು ಕೊಟ್ಟಿದ್ದು.”

“ಹುಮ್ಮಸ್ಸಾ? ಟೀಚರೇ, ಅಂಗಿ ತೋಳು ಗಿಡ್ಡ ಆದ್ರೆ ನಾನು ತೋಳು ಬಿಚ್ಚಿ ಹೊಲೀತೀನಿ. ಹಾಕ್ಕೊಳ್ಳೋರ ಕೈ ಕತ್ತರಿಸಲ್ಲ!”

“ಎಲ್ರಿಗೂ ಹೊಂದೋದು ಇವಳೊಬ್ಬಳಿಗೆ ಹೊಂದಲ್ಲ ಅಂದ್ರೆ ನಾನೇನು ಮಾಡ್ಲಿ?”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೀವು ಕಲಿಸಲಾರದೆ ಮಗೂನೇ ಡೊಂಕು ಅಂತಿದೀರಿ. ಮನೇಲಿ ಯಾವ ಶ್ರುತಿಗೆ ಹಾಡ್ತಿದ್ಲು ಅಂತ ಕೇಳಿಸ್ತೀನಿ, ಇರಿ.”

ಹದಿನಾರು ವರ್ಷದಿಂದ ದಿನವಿಡೀ ಕೇಳಿದ ಸದ್ದು ಅದು, ಮರೆಯಬೇಕೆಂದರೂ ಆಗದು. ಬಾಯಿ ಮುಚ್ಚಿ, ಮೂಗಿನಿಂದ ಮೋಟಾರಿನ ಹಾಗೆ ಗುಂಯ್ ಎಂದು ಹಿಡಿದೆ. ಮಕ್ಕಳೆಲ್ಲ ಹೋ ಎಂದು ನಕ್ಕರು. ಟೀಚರೂ ತುಟಿ ಕಚ್ಚಿಕೊಂಡರು. ಮಗಳು ನಾಚಿಕೆಯಿಂದ ನೆಲ ನೋಡಿದಳು. ನಾನು ಬಿಡಲಿಲ್ಲ. ಉಸಿರು ತೆಗೆದುಕೊಂಡು ಮತ್ತೆ ಹಿಡಿದೆ. ಹಾಡೇ ಎಂದು ಅವಳಿಗೆ ಕಣ್ಣಲ್ಲೇ ಗದರಿದೆ.

ಮೂರನೆಯ ಸಲ ಅವಳು ಕಣ್ಣು ಮುಚ್ಚಿಕೊಂಡು ಶುರು ಮಾಡಿದಳು. ಅದೇ ಕಾರ್ಯಕ್ರಮದ ಹಾಡು. ಒಂದು ಎಳೆಯೂ ಆಚೀಚೆ ಆಗಲಿಲ್ಲ. ನಗು ನಿಂತಿತು. ಮುಂದಿನ ಸಾಲಿನವರು ತಿರುಗಿ ನೋಡಿದರು.

ಟೀಚರು ಕೀಬೋರ್ಡಿನ ಮೇಲೆ ನನ್ನ ಸ್ವರವನ್ನು ಹುಡುಕಿದರು. ಸಿಕ್ಕಿತು. ಪಕ್ಕದಲ್ಲಿದ್ದ ಸಣ್ಣ ಗುಂಡಿಯೊಂದನ್ನು ಎರಡು ಸಲ ಒತ್ತಿದರು.

“ಶ್ರುತಿ ಸ್ವಲ್ಪ ಇಳಿಸಿದೀನಿ. ಎಲ್ರೂ ಹಾಡಿ.”

ಎಲ್ಲರೂ ಹಾಡಿದರು. ನನ್ನ ಮಗಳ ಪಕ್ಕದಲ್ಲಿ ಇನ್ನೂ ಇಬ್ಬರು ಬಾಯಿ ಮಾತ್ರ ಆಡಿಸುತ್ತಿದ್ದರೆಂಬುದು, ಅವರ ಧ್ವನಿಯೂ ಹೊರಬಂದಾಗಲೇ ನನಗೆ ಗೊತ್ತಾದದ್ದು.

“ನಂಗೆ ಹೊಳೀಲೇ ಇಲ್ಲ,” ಎಂದರು ಟೀಚರು.

ಸಮಾಧಾನವಾಗಬೇಕಿತ್ತು, ಇನ್ನಷ್ಟು ಉರಿಯಿತು. ಒಂದು ಗುಂಡಿ! ಮೊದಲ ದಿನದಿಂದಲೂ ಅಲ್ಲೇ ಇತ್ತು, ಬೆರಳಿಗೆ ಸಿಗುವ ಹಾಗೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ್ದರು.

“ಹೊಳೆಯೋದೇನು ಬಂತು ಟೀಚರೇ? ಒಂದು ದಿನ, ಒಂದೇ ಒಂದು ದಿನ ಅವಳನ್ನ ಹತ್ರ ಕೂರಿಸ್ಕೊಂಡು, ನೀನು ಹಾಡಮ್ಮ, ನಾನು ಕೇಳ್ತೀನಿ ಅಂದಿದ್ರಾ?”

ಗೋಡೆಯ ಮೇಲಿನ ‘ತಾಯಿ’ಯನ್ನು ಇನ್ನೊಮ್ಮೆ ಓದಿ ಕೆಳಗಿಳಿದೆ.

ಸಂಜೆ ಮಗಳು ನನ್ನ ಪಕ್ಕದಲ್ಲಿ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ನಾನು ಮೆಷಿನ್ ಓಡಿಸಿದೆ. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಆದರೂ ಓಡಿಸುತ್ತಲೇ ಇದ್ದೆ.

ಸ್ವಲ್ಪ ಹೊತ್ತಾದ ಮೇಲೆ ಅವಳು ತಲೆ ಎತ್ತಿದಳು.

“ಅಮ್ಮಾ, ಹಾಡ್ಲಾ?”

“ಹಾಡೇ,” ಎಂದೆ. ಹುಟ್ಟಿ ಒಂಬತ್ತು ವರ್ಷದಲ್ಲಿ ಅವಳು ಒಂದು ದಿನವೂ ನನ್ನನ್ನು ಕೇಳಿ ಹಾಡಿದವಳಲ್ಲ.