ರೊಜಾರಿಯೊ ಅಜ್ಜನಿಗೆ ಎಡೆ

ಮಾನ್ವೆಲ್‌ನ ಕಾಲಲ್ಲಿ ಚಕ್ರವಿದೆ ಎಂದು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಎಲ್ಲರೂ ನಗುತ್ತಿದ್ದರು. ಲಾರಿಗೆ ನಾಟಾ ಹೇರಿ ಮುಗಿದ ಮೇಲೆ ಹಮಾಲರೆಲ್ಲ ಕೂತು ಬೀಡಿ ಹಚ್ಚಿದರೆ ಇವನು ನಿಂತೇ ಸೇದುತ್ತಿದ್ದ. ಊಟವೂ ನಿಂತೇ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲು ಬಿಟ್ಟು ಒಳಗೆ ಬರುತ್ತಿರಲಿಲ್ಲ. ಅವನ ತಾಯಿ ಕಾತರಿನಾ ಮಾತ್ರ ನಗುತ್ತಿರಲಿಲ್ಲ. ಅವಳ ಗಂಡನೂ ಹೀಗೇ ಅಲೆದಲೆದು ಯಾವುದೋ ರಸ್ತೆಯ ಬದಿಗೆ ಸತ್ತಿದ್ದ. ಮನೆಯ ಗಂಡಸರಿಗೆ ಈ ರೋಗ ಅಂಟಿದ್ದು ಗಂಡನ ಅಜ್ಜ ರೊಜಾರಿಯೊನಿಂದ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ.

ಇಂಗ್ಲಿಷರ ಕಾಲದಲ್ಲಿ, ಕಾಡಿನಲ್ಲಿ ಕೊಡಲಿ ಕಸಿಯಲು ಬಂದ ಸರಕಾರಿ ಜವಾನನಿಗೆ ರೊಜಾರಿಯೊ ಒಂದೇ ಏಟು ಹೊಡೆದ. ಜವಾನ ಮತ್ತೆ ಏಳಲಿಲ್ಲ. ರೊಜಾರಿಯೊನ ಕಾಲಿಗೆ ಬೇಡಿ ಬಿತ್ತು. ಹಡಗು ಹತ್ತಿಸಿ ಅಂಡಮಾನಿನ ಕರಿನೀರಿಗೆ ಕಳಿಸಿದರು. ಅಲ್ಲಿಂದಾಚೆ ಸುದ್ದಿಯಿಲ್ಲ. ಮಾನ್ವೆಲ್‌ನವರಂಥ ಸಿದ್ದಿಗಳ ಮನೆಯಲ್ಲಿ ಗೋಡೆಗೆ ಶಿಲುಬೆಯೇ ಇರಲಿ, ದೇವರಿಗೆ ಕುಂಕುಮವೇ ಇರಲಿ, ವರ್ಷಕ್ಕೊಮ್ಮೆ ಹಿರಿಯರಿಗೆ ಎಲೆ ಹಾಕಿ ಎಡೆ ಇಡಲೇಬೇಕು. ರೊಜಾರಿಯೊನಿಗೆ ಮಾತ್ರ ಯಾರೂ ಇಟ್ಟಿರಲಿಲ್ಲ. ಸತ್ತ ಸುದ್ದಿ ಬಾರದವನಿಗೆ ಸತ್ತವರ ಎಲೆ ಹಾಕಿದರೆ ಅವನ ಆಯುಷ್ಯ ಕಡಿದಂತೆ. ಇದು ಎಪ್ಪತ್ತೊಂಬತ್ತನೇ ಇಸವಿ. ಬದುಕಿದ್ದರೆ ಅವನಿಗೆ ನೂರಾ ಮೂವತ್ತು ತುಂಬಿರಬೇಕು. ಆದರೂ ಮೊದಲ ಎಲೆ ಹಾಕುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಕಾತರಿನಾ ಹಾಸಿಗೆ ಹಿಡಿದಳು. ಮಾನ್ವೆಲ್ ಜೋಯಿಡಾ ಕಡೆಯ ತಮ್ಮ ಕೇರಿಗೆ ಬಂದಾಗ ಅವನ ಕೈ ಹಿಡಿದುಕೊಂಡಳು.

"ಅಂವ ಹಸದಾನ. ಹಸದಾಂವ ತಾನೂ ಕುಂದರೂದಿಲ್ಲ, ನಿಮ್ಮನ್ನೂ ಕುಂದರಗೊಡೂದಿಲ್ಲ. ಎಲ್ಲಿ ಸತ್ತಾ ಕೇಳಿ ಬಾ. ನಾ ಹೋಗೂದರಾಗ ಅಂವಗೊಂದು ಎಲಿ ಹಾಕ್ತೇನಿ."

ಹಿರಿಯರ ಅಮವಾಸ್ಯೆಗೆ ಹನ್ನೆರಡು ದಿನ ಉಳಿದಿದ್ದವು. ಹಳಿಯಾಳದ ಕಚೇರಿಯ ಕಾರಕೂನ ಕಾರವಾರಕ್ಕೆ ಹೋಗು ಎಂದ. ಕಾರವಾರದವರು, ಅಷ್ಟು ಹಳೆಯ ಕಾಗದ ಮುಂಬಯಿಯಲ್ಲಿ ಇದ್ದರೆ ಇದ್ದೀತು ಎಂದರು. ಮಾನ್ವೆಲ್ ಮುಂಬಯಿ ಲಾರಿಯನ್ನೂ ಹತ್ತಿಬಿಡುತ್ತಿದ್ದ. ಅಷ್ಟರಲ್ಲಿ ಅವನು ಹುಡುಕುವ ಸುದ್ದಿ ಕೇಳಿ ಕುಳಗಿಯ ನಬಿಸಾಬ ಬಾ ಎಂದು ಹೇಳಿಕಳಿಸಿದ. ನಬಿಸಾಬ ಕಾಡಿನ ಕ್ಯಾಂಪಿನಲ್ಲಿ ಕಾವಲಿಗಿದ್ದ ಮುದುಕ, ಅವನೂ ಸಿದ್ದಿಯೇ.

ಅವನು ಚಹಾ ಕೊಟ್ಟು, ನೆಲ ನೋಡುತ್ತ ಹೇಳಿದ. ರೊಜಾರಿಯೊನ ಕೇರಿ ಮೊದಲು ಕುಳಗಿಯ ಹತ್ತಿರವೇ ಇತ್ತು. ಅವನನ್ನು ಒಯ್ದ ಮೇಲೂ ಪೊಲೀಸರ ಕಾಟ ತಪ್ಪದೆ, ಅವನ ಹೆಂಡತಿ ಜುಲಿಯಾನಾ ಮತ್ತು ಉಳಿದವರು ಗುಡಿಸಲು ಕಿತ್ತು ಒಳಕಾಡಿಗೆ ಹೋದರು. ಹೋಗುವಾಗ, ಯಾರು ಕೇಳಿದರೂ ತಾವು ಎಲ್ಲಿದ್ದೇವೆಂದು ಹೇಳಬಾರದೆಂದು ನಬಿಸಾಬನ ಅಪ್ಪನಿಂದ ಹಿರಿಯರ ಮೇಲೆ ಆಣೆ ಮಾಡಿಸಿಕೊಂಡರು. ಇಪ್ಪತ್ತು ವರ್ಷದ ಮೇಲೆ ಒಬ್ಬ ನರೆತ ತಲೆಯವನು ಬಂದು ಜುಲಿಯಾನಾಳ ಮನೆ ಕೇಳಿದ. ಮೈಮೇಲೆ ಕೋಟು, ಬಾಯಲ್ಲಿ ಅರ್ಧ ಹಿಂದುಸ್ತಾನಿ. ಪೊಲೀಸರ ಕಡೆಯವನೇ ಎಂದುಕೊಂಡ ನಬಿಸಾಬನ ಅಪ್ಪ, ಆ ಕೇರಿಯವರೆಲ್ಲ ಕಾಲರಾಕ್ಕೆ ಸತ್ತರು ಎಂದುಬಿಟ್ಟ. ಬಂದವನು ಎರಡು ದಿನ ಮರದ ಕೆಳಗೆ ಕೂತಿದ್ದು, ಎದ್ದು ಮುಂಡಗೋಡದ ದಾರಿ ಹಿಡಿದ.

"ಹಳ್ಳ ದಾಟೂವಾಗ ಧೋತ್ರ ಎತ್ತಿದ. ಆಗ ಕಾಲಾಗಿನ ಬೇಡಿ ಕಲಿ ಕಂಡ್ವಂತ," ಎಂದ ನಬಿಸಾಬ. "ನಮ್ಮಪ್ಪ ಕೂಗ್ಲಿಲ್ಲ, ಬೇಟಾ. ಆಣಿ ಇತ್ತು. ಸಾಯೂ ಮುಂದ ನನಗ ಹೇಳಿ ಅತ್ತ. ನಾನೂ ನಾಚಿಕಿಗೆ ಬಾಯಿ ಬಿಡ್ಲಿಲ್ಲ."

ಮಾನ್ವೆಲ್‌ಗೆ ಮುದುಕನನ್ನು ಬೈಯಬೇಕೆನಿಸಿತು, ಆದರೆ ಬೈಯುವುದಾದರೂ ಏನೆಂದು? ಕೊಟ್ಟ ಮಾತು ತಪ್ಪಲಿಲ್ಲ ಎಂದೇ? ಚಹಾ ಮುಟ್ಟದೆ ಎದ್ದು ನಡೆದ.

ಮುಂಡಗೋಡದ ಸುತ್ತ ನಾಲ್ಕು ದಿನ ತಿರುಗಿದ. ಪಾಳಾದಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಚಿಗಳ್ಳಿಯಲ್ಲಿ ನೀರು ಕುಡಿಯಲೆಂದು ಗಂಗೂ ಎಂಬ ಎಂಬತ್ತರ ಮುದುಕಿಯ ಅಂಗಳಕ್ಕೆ ಹೋದರೆ, ಹುಡುಕುವ ಬಳ್ಳಿ ಕಾಲಿಗೆ ತೊಡರಿತು. ಹಿಂದೂ ಸಿದ್ದಿಗಳ ಮನೆ. ಒಳಗೆ ಮೂಲೆಯಲ್ಲಿ ಸತ್ತ ಒಬ್ಬೊಬ್ಬ ಹಿರಿಯರಿಗೆ ಒಂದರಂತೆ ಐದು ತೆಂಗಿನಕಾಯಿ ಇಟ್ಟಿದ್ದರು. ನಾಲ್ಕಕ್ಕೆ ಕುಂಕುಮ, ಐದನೆಯದು ಬೋಳು. ಅದು ಯಾಕೆ ಹಾಗೆಂದು ಮಾನ್ವೆಲ್ ಕೇಳಿದ.

"ಅಂವ ಬೇಡಿ ಅಜ್ಜ. ಇಗರ್ಜಿ ಮಂದಿ, ಕುಂಕುಮ ಬ್ಯಾಡ ಅಂದಿದ್ದ. ರೊಜಾರಿಯೊ ಅಂತ ಹೆಸರು."

ಅವನು ಗಂಗೂಳ ಅಪ್ಪನ ಎಮ್ಮೆ ಕಾಯುತ್ತ ಹತ್ತು ವರ್ಷ ಆ ಮನೆಯಲ್ಲಿದ್ದ. ಅವನ ಕಾಲಿನ ಕಲೆಯೊಳಗೆ ಬೆರಳಿಟ್ಟು ಅವಳು ಆಡುತ್ತಿದ್ದಳಂತೆ. ಪ್ರತಿ ವರ್ಷ ಹಿರಿಯರ ಅಮವಾಸ್ಯೆಗೆ, ಕಾಲರಾದಲ್ಲಿ ಸತ್ತರೆಂದು ಜುಲಿಯಾನಾಳಿಗೂ ಮಗನಿಗೂ ತಾನೇ ಎಲೆ ಹಾಕುತ್ತಿದ್ದನಂತೆ. ಅವರಿಬ್ಬರೂ ಆಗ ಜೋಯಿಡಾದ ಕಾಡಿನಲ್ಲಿ ಬದುಕಿದ್ದರು. ಇದನ್ನು ಕೇಳಿ ಮಾನ್ವೆಲ್ ಕಂಬಕ್ಕೆ ಒರಗಿ ಬಿಕ್ಕಿ ಅತ್ತುಬಿಟ್ಟ.

ಅಳು ನಿಂತ ಮೇಲೆ, ತಾನು ಯಾರೆಂದೂ ತಾಯಿ ಕಾಯುತ್ತಿರುವುದನ್ನೂ ಹೇಳಿ, ಕಾಯಿ ಕೊಡು ಎಂದ. ಗಂಗೂ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿನ್ನ ಕೈಯಾಗ ಕೊಡೂದಿಲ್ಲ. ನಿಂತಲ್ಲಿ ನಿಲ್ಲಾಂವಲ್ಲ ನೀ. ನಾನ ತರ್ತೇನಿ."

ಮುಂಡಗೋಡದಾಚೆ ಎಂದೂ ಕಾಲಿಡದ ಮುದುಕಿ, ಅಮವಾಸ್ಯೆಯ ಬೆಳಿಗ್ಗೆ ಕಾಯಿಯನ್ನು ಸೆರಗಿನಲ್ಲಿ ಸುತ್ತಿ ಬಸ್ಸು ಹತ್ತಿದಳು. ಮೂರು ಬಸ್ಸು ಬದಲಿಸಿದರೂ ಅದನ್ನು ಮಡಿಲಿಂದ ಇಳಿಸಲಿಲ್ಲ. ಮಾನ್ವೆಲ್ ಬಸ್ಸಿನ ಬಾಗಿಲಲ್ಲೇ ನಿಂತಿದ್ದ. ಮನೆ ಮುಟ್ಟಿದವನೇ ಶಿಲುಬೆಯ ಕೆಳಗೆ ಗೋಡೆಗೆ ಕಾಯಿಗೆಂದು ಸಾಗವಾನಿಯ ಹಲಗೆಯೊಂದನ್ನು ಹೊಡೆದ.

ಕಾತರಿನಾಳನ್ನು ಗೋಡೆಗೆ ಒರಗಿಸಿ ಕೂರಿಸಿದರು. ಗಂಗೂ ಕಾಯಿಯನ್ನು ಅವಳ ಮುಂದೆ ಇಟ್ಟಳು.

"ತಡಾ ಆತು, ತಂಗಿ. ಸಿಟ್ಟಾಗಬ್ಯಾಡ."

ಕಾತರಿನಾ ಕಾಯಿಯ ಮೇಲೆ ಕೈಯಿಟ್ಟು ಒಂದೇ ಮಾತು ಕೇಳಿದಳು.

"ಅಕ್ಕಾ, ಅಂವ ಉಂಡಾನೇನು?"

"ಸಾಯೂತನಾ ನಮ್ಮ ಮನ್ಯಾಗ ಉಂಡ. ಸತ್ತ ಮ್ಯಾಲೂ ಒಂದು ವರ್ಷ ತಪ್ಪಿಲ್ಲ."

ಕಾತರಿನಾ ಬಹಳ ಹೊತ್ತು ಅತ್ತಳು. ಎಲೆ ತರಿಸಿ, ತಾನೇ ಅನ್ನ ಬಡಿಸಿದಳು. ಮಾನ್ವೆಲ್ ಕಾಯಿಯನ್ನು ಎತ್ತಿ ಹಲಗೆಯ ಮೇಲಿಡಲು ಬಗ್ಗಿದಾಗ ಅವನ ಮಣಿಕಟ್ಟು ಹಿಡಿದಳು.

"ಇವತ್ತ ಇಲ್ಲಿ ಉಣ್ಣಲಿ. ನಾಳಿ ಅಕ್ಕನ ಜೋಡಿ ವಾಪಸ್ ಕಳಸು."

ಮಾನ್ವೆಲ್‌ಗೆ ಸಿಟ್ಟೇ ಬಂತು. "ಇಷ್ಟ ತಿರುಗಿ ಹುಡಿಕೇನಿ, ಅವ್ವಾ. ಅಂವ ನಮ್ಮಾಂವ ಅಲ್ಲೇನು?"

"ನಮ್ಮಾಂವ. ಅದಕ ಹೇಳಾಕತ್ತೇನಿ. ಅಂವಗ ಕುಂದರಾಕ ಒಂದು ಮನಿ ಸಿಕ್ಕೈತಿ. ಮತ್ತ ಯಾಕ ಅಡ್ಡಾಡಸ್ತಿ?"

ಗಂಗೂ ಕಣ್ಣೊರೆಸಿಕೊಂಡು, ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ ಅನ್ನ ಬಡಿಸಿದಳು. ಮಾನ್ವೆಲ್ ಸ್ವಲ್ಪ ಹೊತ್ತು ಬಾಗಿಲಿನತ್ತ ನೋಡಿದ. ಆಮೇಲೆ ಬಂದು ಅಜ್ಜನ ಮಗ್ಗುಲಿಗೆ ಕೂತ.