ಕಣ ಹಾಕದ ಅಳತೆ

ಕಣ ಹಾಕದೆಯೇ ಗುಳ್ಳೆ ಬಂತು. ಥೂ, ಬರಬಾರದಿತ್ತು.

ಸಂಶೋಧಕಿ ಗಾಜಿನ ಕೊಳವೆಯ ಗೆರೆಯನ್ನು ಇನ್ನೊಮ್ಮೆ ಕಣ್ಣು ಕಿರಿದು ಮಾಡಿ ಓದಿದಳು. ಹೈಡ್ರೋಜನ್ ಅಡಗಿರುವ ರಾಸಾಯನಿಕ ಪುಡಿ ಕರಗಿಸಿದ ನೀರಿಗೆ ಲೋಹದ ನ್ಯಾನೊ ಕಣಗಳನ್ನು ಹಾಕಿದರೆ ಆ ಅನಿಲ ಬುಳುಬುಳು ಎದ್ದು ಕೊಳವೆಯ ನೀರನ್ನು ಕೆಳಕ್ಕೆ ತಳ್ಳಬೇಕು; ಎಷ್ಟು ತಳ್ಳಿತೋ ಅಷ್ಟು ಕಣಗಳ ಕಸುವು. ಹತ್ತು ನಿಮಿಷಕ್ಕೆ ನಲವತ್ತೊಂದು ಮಿಲಿಲೀಟರ್ ಎಂದು ನಾಲ್ಕು ವರ್ಷ ಬರೆದು ಪ್ರಬಂಧ ಕಟ್ಟಿದ್ದಳು. ಮುಂದಿನ ವಾರವೇ ಮೌಖಿಕ ಪರೀಕ್ಷೆ. ಕಣವಿಲ್ಲದ ಅಳತೆಯೂ ಬೇಕೆಂದು ಪರೀಕ್ಷಕರು ಕೇಳಿದ್ದರಿಂದ ಇವತ್ತು ಬರೀ ಪುಡಿ, ನೀರು ಇಟ್ಟಿದ್ದಳು. ಮೂವತ್ತೆಂಟು ಬಂದಿತ್ತು.

ಅನುಮಾನ ಬಂದು, ಪಾತ್ರೆಯ ತಳದಲ್ಲಿ ಗಿರಗಿರ ತಿರುಗಿ ನೀರು ಕಲಕುವ ಅಯಸ್ಕಾಂತದ ಕಡ್ಡಿಯನ್ನು ಚಿಮಟದಿಂದ ಎತ್ತಿದಳು. ಬಿಳಿ ಹೊದಿಕೆಯ ಗೀರುಗಳಲ್ಲೆಲ್ಲ ಕಪ್ಪು ಕೊಳೆ, ಉಜ್ಜದ ಹಲ್ಲಿನ ಸಂದಿಯ ಹಾಗೆ. ಹಿಂದಿನವರ ಪ್ರಯೋಗಗಳಿಂದ ಅಂಟಿ ಉಳಿದ ಪ್ಲಾಟಿನಂ, ತಾನೇ ಗುಳ್ಳೆ ಎಬ್ಬಿಸುವ ಲೋಹ. ಎಲ್ಲರೂ ಸೋಪು ಹಾಕಿ ತಿಕ್ಕಿ ಅದನ್ನೇ ಬಳಸಿದವರು. ಹೊಸ ಕಡ್ಡಿ ಹಾಕಿದಳು: ಒಂದು ಗುಳ್ಳೆಯೂ ಇಲ್ಲ. ಅದರಲ್ಲೇ ತನ್ನ ಕಣಗಳನ್ನು ಹಾಕಿದಳು: ಮೂರು ಮಿಲಿಲೀಟರ್. ನಾಲ್ಕು ವರ್ಷದ ದುಡಿಮೆಗೆ ಮೂರು!

ಗೈಡ್ ಬಂದು ನೋಡಿದರು. ಮುಖದಲ್ಲಿ ಆಶ್ಚರ್ಯವೇ ಇಲ್ಲ.

“ಕಣ ಇಲ್ಲದ ಅಳತೆಗೆ ಹೊಸ ಕಡ್ಡಿ ಹಾಕ್ಕೋಮ್ಮ. ಮಿಕ್ಕಿದ್ದಕ್ಕೆ ಹಳೇದೇ ಇರ್ಲಿ.”

“ಸರ್, ಗ್ಯಾಸ್ ಕೊಡ್ತಿರೋದು ಆ ಕೊಳೆ. ನಮ್ಮ ಕಣ ಅಲ್ಲ.”

“ಗೊತ್ತು. ನಿಮ್ಮಕ್ಕನಿಗೂ ಗೊತ್ತಿತ್ತು. ಅವಳೇನು ಇಷ್ಟು ರಂಪ ಮಾಡ್ಲಿಲ್ಲ.”

ಅಕ್ಕ ಇದೇ ಲ್ಯಾಬಿನಲ್ಲಿ ಡಾಕ್ಟರೇಟ್ ಮಾಡಿದವಳು, ಗೆರೆ ಓದುವುದನ್ನು ತಂಗಿಗೆ ಕೈ ಹಿಡಿದು ಕಲಿಸಿದವಳು. ಅವಳಿಗೆ ಫೋನ್ ಹಚ್ಚಿ ಕೇಳಿದಳು: “ನಿನಗೆ ಗೊತ್ತಿತ್ತಾ?”

“ಪರೀಕ್ಷೆ ಮುಗಿಸ್ಕೊಂಡು ಬಾರೇ. ಆಮೇಲೆ ಯಾರೂ ಕೇಳಲ್ಲ. ನನ್ನನ್ನ ಯಾರಾದ್ರೂ ಕೇಳಿದ್ರಾ?”

ಗೈಡಿನ ಮಾತು ಕೇಳಿ ಹೇಸಿಗೆಯಾಗಿತ್ತು, ನಿಜ. ಇದು ಒಂದೇ ತಟ್ಟೆಯಲ್ಲಿ ಉಂಡವಳ ಬಾಯಿಂದ ಬಂದದ್ದು. ಎಲ್ಲಕ್ಕಿಂತ ಅಸಹ್ಯವೆಂದರೆ, ಅರೆಗಳಿಗೆ ತನಗೂ ಅಕ್ಕನ ಮಾತು ಸರಿಯೆನಿಸಿತ್ತು.

ಕರೆ ಕಡಿಯದೆ, ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟು ಪರೀಕ್ಷಕರಿಗೆ ಇಮೇಲ್ ಬರೆದಳು. ಮೂವತ್ತೆಂಟು, ಸೊನ್ನೆ, ಮೂರು. ಪ್ರಬಂಧ ವಾಪಸ್ ಪಡೆಯುತ್ತಿದ್ದೇನೆ. ಕೀಲಿಮಣೆಯ ಟಕಟಕ ಅಕ್ಕನಿಗೂ ಕೇಳಿಸಿರಬೇಕು.

“ನನ್ನ ವಿಷಯ ಬರೀಬೇಡ ಕಣೇ.”

“ಬರೆಯಲ್ಲ,” ಎಂದಳು. “ನೀನೇ ಬರಿ. ಅಲ್ಲೀವರೆಗೂ ನನಗೆ ಫೋನ್ ಮಾಡ್ಬೇಡ.”