ಸಿದ್ದಬಸಪ್ಪನ ಬಯಲಲ್ಲಿ ವಾಕೋವರ್

ಆಡುವುದಿಲ್ಲ ಅಂತ ಮೊದಲು ಬಾಯಿಬಿಟ್ಟವನು ಉಗ್ರಪ್ಪನೇ. ಅದೂ ಗುಟ್ಟಾಗಿ ಅಲ್ಲ. ಮೂಡಲಪಾಳ್ಯದ ಅರಳಿಕಟ್ಟೆ ಹತ್ತಿ, ನೀರಿಗೆ ಬಂದ ಹೆಂಗಸರಿಂದ ಹಿಡಿದು ಎಮ್ಮೆ ಹೊಡೆದುಕೊಂಡು ಹೋಗುವವರ ತನಕ ಎಲ್ಲರ ಕಿವಿಗೂ ಬೀಳುವ ಹಾಗೆ ಹೇಳಿದ್ದ.

"ಸಿದ್ದಬಸಪ್ಪನ ಬಯಲಿಗೆ ನಾನು ಕಾಲಿಡಲ್ಲ ಕಣ್ರೋ. ಕಪ್ಪಾದ್ರೂ ಕೊಡ್ಲಿ, ಕಿರೀಟಾನಾದ್ರೂ ಕೊಡ್ಲಿ. ಅಲ್ಲಿ ಆಡೋನು ಒಬ್ಬ ಗಂಡಸಾ?"

ಸಂಕ್ರಾಂತಿಗೆ ಮಾಗಡಿ ರಸ್ತೆಯ ಪಕ್ಕದ ತನ್ನ ಅಕ್ಕಿ ಗಿರಣಿಯ ಹಿಂದೆ ಸಿದ್ದಬಸಪ್ಪ ಕಬಡ್ಡಿ ಟೂರ್ನಮೆಂಟು ಇಟ್ಟಿದ್ದ. ಎಲೆಕ್ಷನ್ನು ಹತ್ತಿರ ಬಂದಿತ್ತು. ಎಲೆಕ್ಷನ್ನು ಬಂದರೆ ಇಂಥವರಿಗೆ ಹುಡುಗರ ತೊಡೆ, ತೋಳು, ಆರೋಗ್ಯ ಎಲ್ಲವೂ ನೆನಪಾಗುತ್ತದೆ. ಎರಡು ವರ್ಷದ ಹಿಂದೆ ಅದು ಬಯಲಾಗಿರಲಿಲ್ಲ. ಗುಡಿಸಲುಗಳಿದ್ದವು. ಎಮರ್ಜೆನ್ಸಿ ನಡುವೆ ಒಂದು ಬೆಳಗ್ಗೆ ಲಾರಿ ಬಂತು, ಪೊಲೀಸರು ಬಂದರು, ಊರು ಚೊಕ್ಕಟ ಮಾಡುತ್ತೇವೆ ಅಂದರು. ಇಸ್ತ್ರಿ ಷರಟಿನ ಸಿದ್ದಬಸಪ್ಪ ಎಳನೀರು ಕುಡಿಯುತ್ತ, ಇದನ್ನು ಕೀಳಿ, ಅದನ್ನು ಕೀಳಿ ಎಂದು ಕೈ ತೋರಿಸುತ್ತ ನಿಂತಿದ್ದ. ಹಾಗೆ ಕಿತ್ತ ಗುಡಿಸಲಲ್ಲಿ ಉಗ್ರಪ್ಪನ ಚಿಕ್ಕಮ್ಮ ರಾಮಕ್ಕನದೂ ಒಂದು. ಅರ್ಧ ತೊಳಸಿದ ಮುದ್ದೆಯ ಮಡಕೆಯನ್ನು ಸೊಂಟಕ್ಕಿಟ್ಟುಕೊಂಡು ಅವಳು ಲಗ್ಗೆರೆಯ ತನಕ ನಡೆದೇ ಹೋದಳು. ಆಗ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಎಮರ್ಜೆನ್ಸಿ ಹೋಯಿತು. ಜಾಗ ಮಾತ್ರ ಸಿದ್ದಬಸಪ್ಪನ ಕೈಯಲ್ಲೇ ಉಳಿಯಿತು, ಸುತ್ತ ಮುಳ್ಳುತಂತಿ ಬಂತು.

ಮೊದಲ ದಿನದ ಮೊದಲ ಆಟವೇ ಮೂಡಲಪಾಳ್ಯಕ್ಕೂ ಲಗ್ಗೆರೆಗೂ ಬಿದ್ದಿತ್ತು. ಉಗ್ರಪ್ಪ ಅವತ್ತೇ ಸೈಕಲ್ಲು ತುಳಿದುಕೊಂಡು ಲಗ್ಗೆರೆಗೆ ಹೋದ. ಅಲ್ಲಿಯ ಕ್ಯಾಪ್ಟನ್ನು ಬೈರಪ್ಪ ಎತ್ತಿಗೆ ಹುಲ್ಲು ಹಾಕುತ್ತಿದ್ದ. ಮಾತು ಕಡಿಮೆಯ ಆಳು.

"ನೀವೂ ಆಡಬೇಡಿ, ನಾವೂ ಆಡಲ್ಲ," ಎಂದ ಉಗ್ರಪ್ಪ. "ಸುಮ್ನೆ ಮನೇಲಿ ಕೂತ್ರೆ ಹೆದ್ರಿಕೊಂಡ್ರು ಅಂತಾರೆ. ಎರಡು ಟೀಮೂ ಬನೀನು ಹಾಕ್ಕೊಂಡು ಗೇಟ್ ತಾವ ಬರಾಣ. ಒಳಗೆ ಮಾತ್ರ ಹೋಗೋದ್ ಬೇಡ. ಯಾಕೆ ಅಂತ ಜನ ಕೇಳ್ತಾರಲ್ಲ, ಆಗ ಹೇಳಾಣ. ಹೇಳಿ ಜೊತೇಲೇ ವಾಪಸ್ ಬರಾಣ."

ಬೈರಪ್ಪ ಹುಲ್ಲಿನ ಕೈ ಒದರಿಕೊಂಡ. "ನಮ್ಮುಡುಗ್ರು ದೀಪಾವಳಿಯಿಂದ ಬೆವರು ಸುರ್ಸವ್ರೆ ಕಣೋ."

"ಗೊತ್ತು."

"ನಾವೇನು ಅವನ್ತಾವ ಏಟು ತಿಂದೋರಲ್ಲ. ರಾಮಕ್ಕ ನಮ್ಮೂರಿಗೆ ಬಂದವ್ಳೆ, ನಮ್ಮೋಳೇ ಆಗವ್ಳೆ. ಅವಳ ಸಲುವಾಗಿ ಅಂದ್ರೆ ಆಯ್ತು." ಇನ್ನೊಂದು ಹಿಡಿ ಹುಲ್ಲು ಎತ್ತಿನ ಮುಂದೆ ಹಾಕಿ ಹೇಳಿದ: "ಆಮೇಲೆ ಮಾತು ಬದಲಾಯ್ಸ್‌ಬಾರ್ದು."

"ಬೈರಪ್ಪಣ್ಣ, ನನ್ನೇನು ಗೋಪೀನಾಥ ಅನ್ಕೊಂಡ್ಯಾ?" ಎಂದು ನಕ್ಕು ಬಂದಿದ್ದ ಉಗ್ರಪ್ಪ.

ಗೋಪೀನಾಥ ಮೂಡಲಪಾಳ್ಯ ಟೀಮಿನ ಸೆಕ್ರೆಟರಿ. ವಿಜಯನಗರದ ಸೈಟು ಮನೆಯವನು, ಬ್ಯಾಂಕಿನ ಗುಮಾಸ್ತೆ, ಕಬಡ್ಡಿಯನ್ನು ಕನ್ನಡಕ ತೆಗೆಯದೆ ನೋಡಿದವನೇ ಹೊರತು ಮಣ್ಣು ಮುಟ್ಟಿದವನಲ್ಲ. ವಿಷಯ ತಿಳಿದು ಅರಳಿಕಟ್ಟೆಗೇ ಬಂದ.

"ಆಟ ಬೇರೆ, ರಾಜಕೀಯ ಬೇರೆ ಕಣೋ ಉಗ್ರಪ್ಪ. ಎರಡನ್ನೂ ಕಲಸ್‌ಬಾರ್ದು."

"ಕಲಸ್ತಿರೋನು ನಾನಾ ಸಾರ್? ಅಲ್ಲಿ ಪೆಂಡಾಲ್ ತುಂಬ ಅವನ ಪಾರ್ಟಿ ಬಾವುಟ. ನಾವು ತೊಡೆ ತಟ್ಟಿದ್ರೆ ಅವನಿಗೆ ಓಟು."

"ಜಾಗದೋನು ಒಳ್ಳೆಯೋನಾ ಅಂತ ನೋಡ್ತಾ ಹೋದ್ರೆ ಈ ಬೆಂಗಳೂರಲ್ಲಿ ಆಡಕ್ಕೆ ಒಂದು ಗೇಣು ಮಣ್ಣು ಸಿಗಲ್ಲ."

"ಹೌದು ಗುರು," ಎಂದು ನಡುವೆ ಬಾಯಿ ಹಾಕಿದ ನಾಣಿ. ಟೀಮಿನಲ್ಲಿ ಎಲ್ಲರಿಗಿಂತ ಕುಳ್ಳ, ಬಾಯಿ ಮಾತ್ರ ಉದ್ದ. "ಬಿಟಿಎಸ್ ಬಸ್ಸೂ ಸರ್ಕಾರದ್ದೇ. ಅದೇ ಸರ್ಕಾರ ಪೊಲೀಸರ್ನ ಕಳಿಸಿದ್ದು. ನಾಳೆಯಿಂದ ನಡ್ಕೊಂಡು ಹೋಗು ಕೆಲಸಕ್ಕೆ."

ಎಲ್ಲರೂ ನಕ್ಕರು. ಉಗ್ರಪ್ಪ ನಗಲಿಲ್ಲ. "ಬಸ್ಸು ನಿಮ್ಮ ಚಿಕ್ಕಮ್ಮನ ಒಲೆ ಮೇಲೆ ಓಡ್ತಾ ಏನೋ? ಬೇರೆಯೋರ ಮಣ್ಣಾದ್ರೆ ನಂಗೂ ಗೊತ್ತಿಲ್ಲ. ಇದು ಗೊತ್ತಿದೆಯಲ್ಲ. ಗೊತ್ತಿದ್ದೂ ತುಳಿಯೋದು ಹೆಂಗೆ?"

ಆಗ ಗೋಪೀನಾಥ ಕನ್ನಡಕ ಒರೆಸಿಕೊಳ್ಳುತ್ತ, ಹೇಳಲೋ ಬೇಡವೋ ಅನ್ನುವ ಹಾಗೆ, ಕೊನೆಯ ಮಾತು ಹೇಳಿದ.

"ಕೃಷ್ಣಯ್ಯ ಬರ್ತಾ ಇದಾರೆ. ಒಂದು ದೊಡ್ಡ ಕಾರ್ಖಾನೆ ಟೀಮಿನ ಕೋಚು. ಅವರಿಗೆ ಒಬ್ಬ ರೈಡರ್ ಬೇಕು. ಸಿಕ್ಕಿದೋನಿಗೆ ಕಾರ್ಖಾನೆಯಲ್ಲೇ ಖಾಯಂ ಕೆಲಸ. ನಿನ್ನ ಹೆಸರು ನಾನೇ ಹೇಳಿದೀನಿ. ಆಡದಿದ್ರೆ ಬಿಡು."

ಉಗ್ರಪ್ಪ ಏಳನೇ ಕ್ಲಾಸಿಗೇ ಸ್ಲೇಟು ಬಿಸಾಕಿದವನು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಲೇತ್ ಶೆಡ್ಡಿನಲ್ಲಿ ದಿನಗೂಲಿಗೆ ಕಬ್ಬಿಣದ ಪುಡಿ ಗುಡಿಸುತ್ತಿದ್ದ. ಮಾಲೀಕ ಬರಬೇಡ ಅಂದ ದಿನ ಕೆಲಸ ಇಲ್ಲ. ಖಾಯಂ ಅನ್ನುವ ಮಾತನ್ನು ಅವನು ಬೇರೆಯವರ ಬಾಯಲ್ಲಿ ಕೇಳಿದ್ದನೇ ಹೊರತು ತನಗೆ ಅಂತ ಯಾರೂ ಹೇಳಿರಲಿಲ್ಲ. ನಾಲಗೆಯ ತುದಿಗೆ ಬಂದಿದ್ದ ಬೈಗುಳ ಅಲ್ಲೇ ಕೂತಿತು. ಕಟ್ಟೆಯಿಂದ ಇಳಿದು ಚಪ್ಪಲಿ ಹುಡುಕುವವನ ಹಾಗೆ ಬಗ್ಗಿದ. ಇವನು ಆಡುತ್ತಾನೆ ಅಂತ ಗೋಪೀನಾಥ ಅಷ್ಟಕ್ಕೇ ಅರ್ಥ ಮಾಡಿಕೊಂಡ.

ಬೈರಪ್ಪನಿಗೆ ಹೇಳಬೇಕಿತ್ತು. ಹೇಳಲೇಬೇಕು ಅಂತ ಹಬ್ಬದ ಹಿಂದಿನ ದಿನ ಲಗ್ಗೆರೆಯ ಕಡೆ ಹೊರಟೂ ಹೊರಟ. ಊರ ಮುಂದಿನ ಬಾವಿಯ ಹತ್ತಿರ ರಾಮಕ್ಕ ನೀರು ಸೇದುತ್ತಿದ್ದುದು ಕಂಡಿತು. ಬೆನ್ನು ಈ ಕಡೆಗಿತ್ತು. ಅವಳು ತಿರುಗುವ ಮೊದಲೇ ಉಗ್ರಪ್ಪ ಸೈಕಲ್ಲು ತಿರುಗಿಸಿದ. ದಾರಿಯುದ್ದಕ್ಕೂ ತನಗೆ ತಾನೇ ವಕಾಲತ್ತು ಮಾಡಿಕೊಂಡ: ದೀಪಾವಳಿಯಿಂದ ಬೆವರು ಸುರಿಸಿದ ಹುಡುಗರು, ಬಂದೇ ಬರುತ್ತಾರೆ. ಮೈಕು ಕೂಗಿದ ಮೇಲೆ ಯಾವ ಗಂಡು ಗೇಟಿನಲ್ಲಿ ನಿಲ್ಲುತ್ತಾನೆ? ಅವರೂ ಒಳಗೆ ಬಂದೇ ಬರುತ್ತಾರೆ. ಅಲ್ಲೇ ಹೇಳಿದರಾಯಿತು.

ಹಬ್ಬದ ದಿನ ಗೋಪೀನಾಥ ಟೀಮನ್ನು ಹೊತ್ತಿಗೆ ಮುಂಚೆಯೇ ಗಿರಣಿಯ ಪಕ್ಕದ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದ. ಆಟಗಾರರಿಗೆಲ್ಲ ಸಿದ್ದಬಸಪ್ಪನ ಕಡೆಯಿಂದ ಉಪ್ಪಿಟ್ಟು, ಕೇಸರಿಬಾತು. ಉಗ್ರಪ್ಪ ಬೇಡ ಅನ್ನಲಿಲ್ಲ. ಇನ್ನೊಂದು ಸೌಟು ಬಡಿಸಿದಾಗಲೂ ಬೇಡ ಅನ್ನಲಿಲ್ಲ. ಕೆಮ್ಮಣ್ಣು ಜರಡಿ ಹಿಡಿದು, ಮರದ ಹೊಟ್ಟು ಬೆರೆಸಿ, ಸುಣ್ಣದ ಗೆರೆ ಎಳೆದ ಅಂಕಣ ಮದುವೆಯ ಹಸೆಯ ಹಾಗೆ ಹೊಳೆಯುತ್ತಿತ್ತು. ಚಿಕ್ಕಮ್ಮನ ಗುಡಿಸಲು ಎಲ್ಲಿತ್ತು ಅಂತ ಅವನು ಹುಡುಕಿದ. ಗುರುತು ಸಿಗಲಿಲ್ಲ. ಸಿಗದೇ ಹೋದದ್ದು ಒಳ್ಳೆಯದೇ ಆಯಿತು ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ಕಿವಿ ಬಿಸಿಯಾಯಿತು.

ಮೈಕು ಲಗ್ಗೆರೆಯನ್ನು ಕೂಗಿತು. ಯಾರೂ ಬರಲಿಲ್ಲ. ಮತ್ತೆ ಕೂಗಿತು. ನಾಣಿ ಓಡಿ ಬಂದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಮಗಾ, ಅವ್ರು ಗೇಟ್ ಹೊರಗೇ ನಿಂತವ್ರೆ. ಬನೀನು ಹಾಕ್ಕೊಂಡು, ಸಾಲಾಗಿ. ಉಗ್ರಪ್ಪ ಬರ್ತಾನೆ, ಅವನು ಬರೋ ತನಕ ಅಲ್ಲಾಡಲ್ಲ ಅಂತಾವ್ರೆ. ನಾವು ಒಳಗಿರೋದು ಅವ್ರಿಗೆ ಗೊತ್ತೇ ಇಲ್ಲ ಕಣೋ."

ಉಗ್ರಪ್ಪ ಮೊಣಕಾಲಿನ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದ.

"ಹೇಳಿ ಬರ್ಲಾ?"

"ಬೇಡ."

"ನೀನಾದ್ರೂ ಹೋಗು."

"ಬೇಡ ಅಂದ್ನಲ್ಲ!"

ರೆಫ್ರಿ ಗಡಿಯಾರ ನೋಡಿ ಸಿಳ್ಳೆ ಊದಿದ. ವಾಕೋವರ್, ಆಡದೇ ಬಂದ ಗೆಲುವು. ಆದರೆ ಈ ಕಡೆಯ ಕಬಡ್ಡಿಯಲ್ಲಿ ವಾಕೋವರ್ ಕೂಡ ಪುಕ್ಕಟೆ ಬರುವುದಿಲ್ಲ. ಗೆಲ್ಲುವ ಟೀಮಿನ ರೈಡರ್ ನಡುಗೆರೆ ಮುಟ್ಟಿ ನಮಸ್ಕರಿಸಿ, ಖಾಲಿ ಅಂಕಣಕ್ಕೆ ಒಂದೇ ಉಸಿರಲ್ಲಿ ಹೋಗಿ, ಹಿಂದಿನ ಗೆರೆ ತುಳಿದು ಬರಬೇಕು. ಆಮೇಲೆಯೇ ಗೆಲುವು.

"ಉಗ್ರಪ್ಪ, ಮೂಡಲಪಾಳ್ಯ!" ಎಂದಿತು ಮೈಕು.

ಅವನು ಬಗ್ಗಿ ಮಣ್ಣು ಮುಟ್ಟಿದ. ಕಣ್ಣಿಗೆ ಒತ್ತಿಕೊಳ್ಳುವ ಅಭ್ಯಾಸ. ಕೈ ಅರ್ಧಕ್ಕೆ ನಿಂತಿತು. ಜನ ನೋಡುತ್ತಿದ್ದರು. ಒತ್ತಿಕೊಂಡ.

"ಕಬಡ್ಡಿ ಕಬಡ್ಡಿ ಕಬಡ್ಡಿ..."

ಎದುರಿಗೆ ಒಬ್ಬನಿಲ್ಲ. ಹಿಡಿಯುವ ಕೈ ಇಲ್ಲ, ತಪ್ಪಿಸಿಕೊಳ್ಳಬೇಕಾದ ಕಾಲಿಲ್ಲ. ಗ್ಯಾಲರಿಯಿಂದ ಯಾವನೋ ಕೂಗಿದ: "ಹುಷಾರು ಮಚ್ಚಾ, ಗಾಳಿ ಹಿಡ್ಕೊಂಡಾತು!" ಜನ ಹೊಟ್ಟೆ ಹಿಡಿದು ನಕ್ಕರು. ಉಗ್ರಪ್ಪನ ಕಣ್ಣು ನೆಲದ ಮೇಲಿತ್ತು. ಬೇಲಿಯ ಆಚೆಗೆ, ಗೇಟಿನ ಹತ್ತಿರ, ಲಗ್ಗೆರೆಯವರ ಹಳದಿ ಬನೀನುಗಳು ಇರಬೇಕು. ತನ್ನ ಹೆಸರನ್ನು ಮೈಕು ಊರಿಗೆಲ್ಲ ಕೇಳಿಸಿದೆ. ಈ ಉಸಿರು ಈಗ ಅವರಿಗೂ ಕೇಳಿಸುತ್ತಿರಬಹುದು. ತಲೆ ಎತ್ತಿದ. ತಂತಿಯ ಸಂದಿಯಿಂದ ಬೈರಪ್ಪ ನೋಡುತ್ತಿದ್ದ.

ಉಸಿರು ಕಡಿಯಿತು.

ಯಾವ ಆಟದಲ್ಲೂ, ಏಳು ಜನ ಮೇಲೆ ಬಿದ್ದಾಗಲೂ, ಹಾಗೆ ಕಡಿದಿರಲಿಲ್ಲ. ಗೆರೆಗೆ ಇನ್ನೂ ಎರಡು ಮಾರು ಇತ್ತು. ನಿಯಮದ ಪ್ರಕಾರ ಅವನು ಔಟ್. ರೆಫ್ರಿ ಸಿದ್ದಬಸಪ್ಪನ ಮುಖ ನೋಡಿದ. ಸಿದ್ದಬಸಪ್ಪ ಸೋಫಾದಿಂದಲೇ ಕೈ ಬೀಸಿದ. ಎರಡು ವರ್ಷದ ಹಿಂದೆ ಬೀಸಿದ ಅದೇ ಕೈ. "ಹೋಗ್ಲಿ ಬಿಡ್ರೀ, ಯಾರಿದಾರೆ ಕೇಳೋಕೆ!"

ಉಗ್ರಪ್ಪ ಬಾಯಿ ಮುಚ್ಚಿಕೊಂಡು ನಡೆದು ಹೋಗಿ ಗೆರೆ ತುಳಿದು ಬಂದ.

ಸಿದ್ದಬಸಪ್ಪ ಅವನ ಬೆನ್ನು ತಟ್ಟಿದ. "ಚೆನ್ನಾಗಿದೀಯ ಕಣೋ. ಯಾವ ಪೈಕಿ?" ಉಗ್ರಪ್ಪ ಊರ ಹೆಸರು ಹೇಳಿದ. ಪೈಕಿ ಹೇಳಲಿಲ್ಲ. ಪಕ್ಕದಲ್ಲಿ ಕೃಷ್ಣಯ್ಯ ಕಾಫಿ ಕುಡಿಯುತ್ತಿದ್ದರು. "ಖಾಲಿ ಅಂಕಣದಲ್ಲಿ ನಾನೇನಪ್ಪಾ ನೋಡ್ಲಿ? ನಾಳೆ ಆಡಿ ತೋರ್ಸು, ಆಮೇಲೆ ಮಾತಾಡಣ," ಎಂದರು.

ಇಷ್ಟೆಲ್ಲ ಮಾಡಿದ್ದು ಅಷ್ಟಕ್ಕೇ.

ಲಗ್ಗೆರೆಯವರು ಹೋಗಿರುತ್ತಾರೆ ಅಂದುಕೊಂಡು ಉಗ್ರಪ್ಪ ಗೇಟಿಗೆ ಬಂದ. ಹುಡುಗರು ರಸ್ತೆಯ ಆಚೆ ಬನೀನಿನ ಮೇಲೆ ಷರಟು ಹಾಕಿಕೊಳ್ಳುತ್ತಿದ್ದರು. ಒಬ್ಬನೂ ಈ ಕಡೆ ನೋಡಲಿಲ್ಲ. ಬೈರಪ್ಪ ಮಾತ್ರ ಗೇಟಿನ ಕಂಬಕ್ಕೆ ಒರಗಿದ್ದ.

"ಬೈಯಿ ಅಣ್ಣ," ಎಂದ ಉಗ್ರಪ್ಪ. "ಎರಡು ಬಿಡು ಬೇಕಾದ್ರೆ."

ಬೈರಪ್ಪ ಬೈಯಲಿಲ್ಲ. ಜೇಬಿನಿಂದ ಪೇಪರಿನ ಪೊಟ್ಟಣ ತೆಗೆದ. "ರಾಮಕ್ಕ ಎಳ್ಳು ಕೊಟ್ಟವ್ಳೆ. ಬೆಳಗ್ಗೆ ನಮ್ಮುಡುಗ್ರಿಗೆಲ್ಲ ಬೀರಿದ್ಲು. ನನ್ನ ಮಗನೂ ಬರ್ತಾನಲ್ಲ ಗೇಟ್ ತಾವ, ಅವನಿಗೂ ಕೊಡಿ ಅಂದ್ಲು."

ಪೊಟ್ಟಣ ಬೆಚ್ಚಗಿತ್ತು. ಉಗ್ರಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಆಟ ನಡೀಲೇ ಇಲ್ಲ ಅಂತೀನಿ ಅವಳಿಗೆ," ಎಂದ ಬೈರಪ್ಪ, ರಸ್ತೆ ನೋಡುತ್ತ. "ಎರಡು ಟೀಮೂ ವಾಪಸ್ ಬಂದ್ವು ಅಂತೀನಿ. ನೀನೂ ಹಂಗೇ ಅನ್ನು. ಈ ವಯಸ್ಸಲ್ಲಿ ಅವಳಿಗ್ಯಾಕೆ ಇದು."

ಇಲ್ಲ, ನಾನೇ ಬಂದು ನಿಜ ಹೇಳುತ್ತೇನೆ ಅನ್ನಬೇಕಿತ್ತು. ಈಗಲೇ ಈ ಬನೀನು ಕಳಚಿ ಬಿಸಾಕಿ ನಿಮ್ಮ ಜೊತೆ ಬರುತ್ತೇನೆ ಅನ್ನಬೇಕಿತ್ತು. ಅರಳಿಕಟ್ಟೆಯ ಮೇಲಾಗಿದ್ದರೆ ಅನ್ನುತ್ತಿದ್ದನೋ ಏನೋ.

"ಹೂಂ," ಎಂದ ಉಗ್ರಪ್ಪ.

ಬೈರಪ್ಪ ತಲೆಯಾಡಿಸಿ ರಸ್ತೆ ದಾಟಿದ. ಒಳಗೆ ಮೈಕು ಗುಟುರು ಹಾಕಿತು. ನಾಳೆಯ ಆಟದ ಟೀಮುಗಳು ಫೋಟೋಕ್ಕೆ ವೇದಿಕೆಯ ಹತ್ತಿರ ಬರಬೇಕಂತೆ, ಸಿದ್ದಬಸಪ್ಪನವರು ಕಾಯುತ್ತಿದ್ದಾರಂತೆ. ಉಗ್ರಪ್ಪ ಪೊಟ್ಟಣವನ್ನು ಚಡ್ಡಿಯ ಜೇಬಿಗೆ ತುರುಕಿದ. ಅದು ಉಬ್ಬಿ ಕಾಣುತ್ತಿತ್ತು. ಫೋಟೋದಲ್ಲಿ ಕಾಣದಿರಲಿ ಅಂತ ಅಂಗೈಯಿಂದ ಅದುಮಿ ಚಪ್ಪಟೆ ಮಾಡಿಕೊಳ್ಳುತ್ತ ಒಳಗೆ ನಡೆದ.